ತುಟಿ ಕಚ್ಚುವ ವೈನು

ವೈನಿನ ವಿಷಯದಲ್ಲಿ ತನಗಿಂತ ತಿಳಿದವರು ಕೊಯಮತ್ತೂರಿನ ಪೆರಿಯನಾಯಕನಪಾಳ್ಯದಲ್ಲಿ ಯಾರೂ ಇಲ್ಲ ಎಂದು ಶರವಣನ್ ನಂಬಿದ್ದ. ಗೋವಾಕ್ಕೆ ಎರಡು ಸಲ ಹೋಗಿ ಬಂದವನು. ಅಲ್ಲಿಂದ ತಂದ ಸಿಹಿ ಕೆಂಪು ವೈನನ್ನು ಗೆಳೆಯರಿಗೆ ತೀರ್ಥದಂತೆ ಕೊಟ್ಟು, ಉಪನ್ಯಾಸವನ್ನು ಮಾತ್ರ ಲೋಟದ ತುಂಬ ಬಡಿಸುತ್ತಿದ್ದ.

ಹೆಂಡತಿ ಕೃತ್ತಿಕಾ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಫ್ರಾನ್ಸಿನ ಗಿರಾಕಿಗಳನ್ನು ನೋಡಿಕೊಳ್ಳುವವಳು. ಕೆಲಸದ ಮೇಲೆ ಅಲ್ಲಿಗೆ ಹೊರಟಾಗ, ಷಾಂಪೇನ್ ಮರೆಯಬೇಡ ಎಂದು ಏರ್‌ಪೋರ್ಟಿನವರೆಗೂ ಜಪಿಸಿದ್ದ. ಅವಳು ತಂದದ್ದು ಉದ್ದ ಕತ್ತಿನ ಎರಡು ಹಸಿರು ಬಾಟಲಿ.

"ಪಿಕ್‌ಪೂಲ್," ಎಂದಳು. "ಬಿಳಿ ವೈನು. ಪಿನೆ ಅಂತ ಊರು, ದಕ್ಷಿಣದಲ್ಲಿ, ಸಮುದ್ರದ ಹತ್ರ."

"ಯಾರಿಗೂ ಗೊತ್ತಿಲ್ಲದ ಊರಿನದು ಯಾಕೆ ತಂದೆ?"

"ನಿಮ್ಮ ಕುನ್ನತ್ತೂರು ಯಾರಿಗೆ ಗೊತ್ತು? ಅಲ್ಲಿಂದ ನಿಮ್ಮನ್ನ ತಂದುಕೊಳ್ಳಲಿಲ್ವಾ?"

ಶರವಣನ್ ಬಾಟಲಿಯ ಮೇಲಿನ ಹೆಸರು ಓದತೊಡಗಿದ. ದೊಡ್ಡ ಹೆಸರಿನ ವೈನೆಲ್ಲ ಹೊರಗಿನವರಿಗೆ, ಮನೆಯಲ್ಲಿ ಕುಡಿಯುವುದು ಇದನ್ನೇ ಎಂದು ಅಲ್ಲಿನ ಗಿರಾಕಿಯೊಬ್ಬಳು ಕೃತ್ತಿಕಾಳಿಗೆ ಹೇಳಿದ್ದಳಂತೆ. ಹೆಸರಿಗೆ 'ತುಟಿ ಕಚ್ಚುವುದು' ಎಂದು ಅರ್ಥವಂತೆ.

ಭಾನುವಾರ ಉಕ್ಕಡದ ಮೀನು ಮಾರ್ಕೆಟ್ಟಿನಿಂದ ವಂಜಿರ ಮೀನು ಬಂತು, ಗೆಳೆಯ ಇಳಂಗೋನೂ ಬಂದ. ಶರವಣನ್ ಗ್ಲಾಸನ್ನು ಗಿರಗಿರ ತಿರುಗಿಸಿ, ಮೂಗು ಇಳಿಸಿ, ಕಣ್ಣು ಮುಚ್ಚಿದ.

"ಹೂವಿನ ವಾಸನೆ ಬರ್ತಾ ಇದೆ ನೋಡು."

"ಅದು ತಂಗಚ್ಚಿ ಮುಡಿದಿರೋ ಮಲ್ಲಿಗೆ, ಮಾಪ್ಳೆ," ಎಂದ ಇಳಂಗೋ, ಪಕ್ಕದಲ್ಲೇ ಹಾದುಹೋದ ಕೃತ್ತಿಕಾಳನ್ನು ತೋರಿಸಿ.

ಮೊದಲ ಗುಟುಕಿಗೇ ಶರವಣನ್‌ನ ಮುಖ ಹುಳಿ ಹಿಂಡಿದಂತಾಯಿತು. ಒಂದು ಚೂರೂ ಸಿಹಿಯಿಲ್ಲ! ಆದರೂ "ರೊಂಬ ಚೆನ್ನಾಗಿದೆ" ಎಂದು ನುಂಗಿ, ಐಸ್ ತರುವ ನೆಪದಲ್ಲಿ ಅಡುಗೆಮನೆಗೆ ಹೋದ. ಸಕ್ಕರೆ ಡಬ್ಬ ತೆಗೆದು, ಗ್ಲಾಸಿಗೆ ಎರಡು ಚಮಚ ಸುರಿದು, ಸದ್ದಾಗದಂತೆ ಕಲಸತೊಡಗಿದ.

"ಏಲಕ್ಕಿನೂ ಹಾಕ್ಲಾ?"

ಬಾಣಲೆಯ ಮುಂದೆ ನಿಂತಿದ್ದ ಕೃತ್ತಿಕಾಳನ್ನು ಅವನು ಗಮನಿಸಿಯೇ ಇರಲಿಲ್ಲ. ಅವನ ಮುಖ ಕಿವಿಯವರೆಗೂ ಬಿಸಿಯಾಯಿತು. ಅವಳು ನಗಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಆ ಪಾನಕವನ್ನು ಸಿಂಕಿಗೆ ಚೆಲ್ಲಿ, ಬೇರೆ ಗ್ಲಾಸಿಗೆ ತಣ್ಣನೆಯ ವೈನು ಸುರಿದು, ಎಣ್ಣೆಯಿಂದ ಆಗಷ್ಟೇ ಎತ್ತಿದ ಮೀನಿನ ತುಂಡನ್ನು ಅವನ ಮುಂದಿಟ್ಟಳು.

"ಮೊದಲು ತಿನ್ನಿ. ಆಮೇಲೆ ಕುಡೀರಿ."

ಮೀನಿನ ಮಸಾಲೆ ನಾಲಿಗೆಗೆ ಸುರ್ರೆಂದಿತು. ಅದರ ಮೇಲೆ ಒಂದು ಗುಟುಕು. ಎಣ್ಣೆ, ಖಾರ ಎಲ್ಲ ತೊಳೆದುಹೋಗಿ ಬಾಯಿ ಹಗುರಾಯಿತು. ನೆಲ್ಲಿಕಾಯಿ ತಿಂದು ನೀರು ಕುಡಿದಂಥ ಸುಖ. ಹೇಳದೆ ಕೇಳದೆ ಅವನ ಕೈ ಮತ್ತೆ ತಟ್ಟೆಗೆ ಹೋಯಿತು.

"ಹೇಗಿದೆ?"

"ಪರವಾಗಿಲ್ಲ," ಎಂದ, ಮೂರನೆಯ ತುಂಡು ಮುರಿಯುತ್ತ.

ತಟ್ಟೆ ಹಿಡಿದು ಹೊರಗೆ ಬಂದವನೇ ಇಳಂಗೋನಿಗೆ ಪಾಠ ಶುರುಮಾಡಿದ. "ಇದನ್ನ ಹಾಗೇ ಕುಡಿಯೋದು ತಪ್ಪು ಮಾಪ್ಳೆ. ಮೀನಿನ ಜೊತೆ ಕುಡಿಯಬೇಕು. ತಿಳಿದವರು ಹಾಗೇ ಮಾಡೋದು."

ಕೃತ್ತಿಕಾ ಬಾಗಿಲಿಗೆ ಒರಗಿ ನಿಂತು ಕೇಳಿಸಿಕೊಂಡಳು. "ಮುಂದಿನ ಸಲ ಸವ್ವಾ ಅನ್ನೋ ಕಡೆಯ ಬಿಳಿ ವೈನು ತರ್ತೀನಿ. ಅದೂ ಯಾರಿಗೂ ಅಷ್ಟು ಗೊತ್ತಿಲ್ಲ."

"ನನಗೆ ಗೊತ್ತು," ಎಂದ ಶರವಣನ್ ತಕ್ಷಣ.

"ಹೌದಾ? ಅದು ಎಲ್ಲಿದೆ?"

ಶರವಣನ್ ಗ್ಲಾಸನ್ನು ಮತ್ತೆ ಗಿರಗಿರ ತಿರುಗಿಸಿದ.

"ಫ್ರಾನ್ಸಲ್ಲಿ," ಎಂದ.