ಟೊಮೆಟೊ ಕ್ರೇಟಿನ ಬೀಟ್

ನನ್ನ ಹೆಂಡತಿ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವಳು. ಅವಳು ಬಾಯಿ ತೆರೆದರೆ ಗುಡ್ಡದಷ್ಟು ಟೊಮೆಟೊ ನೋಡನೋಡುತ್ತಿದ್ದಂತೆ ಖಾಲಿ. ಅದೇ ಮಂಡಿಯಲ್ಲಿ ತೂಕ ಹಾಕುವವನು ನಾನು. ಮನೆಯಲ್ಲೂ ಮಾತು ಅವಳದ್ದು, ತಲೆಯಾಡಿಸುವ ಕೆಲಸ ನನ್ನದು. ಸಂಸಾರ ಚೆನ್ನಾಗಿಯೇ ನಡೆದಿತ್ತು.

ಹೋದ ವರ್ಷ ಅವಳಿಗೆ ಲಕ್ವ ಹೊಡೆಯಿತು. ಕೈಕಾಲು ಬೇಗ ಸರಿಹೋದವು, ನಾಲಿಗೆ ಮಾತ್ರ ಹಟ ಹಿಡಿಯಿತು. ‘ನೀರು’ ಅನ್ನಲು ಹೊರಟು ‘ನೀ... ನೀ...’ ಎಂದು ನಿಂತು, ಸಿಟ್ಟಿಗೆ ಲೋಟ ಕುಕ್ಕುವಳು. ಅವಳು ನನ್ನನ್ನು ಬೈದು ಎಷ್ಟೋ ತಿಂಗಳಾಗಿತ್ತು. ಮನೆ ಬಿಕೋ ಅನ್ನುತ್ತಿತ್ತು.

ಮಂಡಿ ಯಜಮಾನರು ಒಳ್ಳೆಯವರೇ. "ಸೋಮವಾರ ಬಂದು ಒಂದು ರಾಶಿ ಕೂಗಮ್ಮ. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡ, ಚೀಟಿ ಹರಿದು ಕೊಡೋ ಕೆಲಸ ಇದ್ದೇ ಇದೆ," ಎಂದರು. ಚೀಟಿ ಕೆಲಸವೆಂದರೆ ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಕೂರುವುದು. ಅವಳ ಮುಖ ಸಣ್ಣಗಾಯಿತು.

ನಮ್ಮ ಮಗಳಿಗೆ ಹಿಪ್-ಹಾಪ್ ಹುಚ್ಚು. "ಇದು ಹಾಡೋ, ಬೀದಿ ಜಗಳವೋ?" ಎಂದು ನಾನು ಗೊಣಗದ ದಿನವಿಲ್ಲ. ಅಂದು ಸಂಜೆ ಅವಳು ಊಟದ ಮೇಜು ಬಡಿಯುತ್ತ ತಾನೇ ಕಟ್ಟಿದ ಸಾಲು ಹೇಳುತ್ತಿದ್ದಳು: "ಬಿದ್ದೆ, ಎದ್ದೆ, ಮತ್ತೆ ಬಿದ್ದೆ, ನನ್ನ ನೋಡಿ ನೆಲಕ್ಕೇ ಬೇಜಾರು!"

"ಬೇಜಾರು," ಅಂದುಬಿಟ್ಟಳು ಪಕ್ಕದಲ್ಲಿ ಕೂತಿದ್ದ ಅವಳಮ್ಮ. ಸರಿಯಾಗಿ ಬಡಿತದ ಮೇಲೆಯೇ.

ಅಂದಿನಿಂದ ಮನೆಯೇ ಮಂಡಿಯಾಯಿತು. ಮಗಳು ಮೇಜು ಬಡಿಯುವುದು, ಅಮ್ಮ ಬೆಲೆ ಕೂಗುವುದು. ನಾಲಿಗೆ ಸಿಕ್ಕಿಕೊಂಡಾಗೆಲ್ಲ ಅಮ್ಮ ಕೈಚೆಲ್ಲುವಳು.

"ನಿಲ್ಲಬೇಡಮ್ಮ. ಪದ ತಪ್ಪಿದ್ರೆ ಹೋಗ್ಲಿ ಬಿಡು. ಮುಂದಿನ ಬೀಟ್ ಬಂದೇ ಬರುತ್ತೆ, ಅದನ್ನ ಹತ್ಕೋ. ಹಿಪ್-ಹಾಪ್ ಹಾಡೋರೆಲ್ಲ ಹಾಗೇ ಮಾಡೋದು."

"ಅದೇನು ಬಸ್ಸಾ?" ಎಂದೆ. ಇಬ್ಬರೂ ದುರುಗುಟ್ಟಿ ನೋಡಿದರು.

ಸೋಮವಾರ ಮಗಳಿಗೆ ಪರೀಕ್ಷೆ. ಬೀಟ್ ಬಡಿಯುವ ಭಾರ ನನ್ನ ತಲೆಗೆ ಬಂತು. ಖಾಲಿ ಕ್ರೇಟೊಂದನ್ನು ಬೋರಲು ಹಾಕಿಕೊಂಡು ರಾಶಿಯ ಪಕ್ಕ ಕೂತೆ. ನಾನು ಬಡಿಯತೊಡಗಿದೆ, ಅವಳು ಕೂಗತೊಡಗಿದಳು:

"ಹಣ್ಣು ನೋಡಿ, ಬಣ್ಣ ನೋಡಿ, ಮುನ್ನೂರು ಯಾರ್ದು, ಮುನ್ನೂರು!"

ವ್ಯಾಪಾರಿಗಳು ಬೆರಳೆತ್ತಿದರು. ನನಗೆ ಖುಷಿ ತಡೆಯಲಾಗದೆ ಕೈ ಓಡತೊಡಗಿತು. ಅವಳ ನಾಲಿಗೆ ನನ್ನ ಬಡಿತದ ಹಿಂದೆ ಓಡಿ ಎಡವಿತು: "ನಾ... ನಾ..." ನಾನು ಗಾಬರಿಬಿದ್ದು ಬಡಿಯುವುದನ್ನೇ ನಿಲ್ಲಿಸಿಬಿಟ್ಟೆ. ವ್ಯಾಪಾರಿಗಳ ಬೆರಳುಗಳು ಕೆಳಗಿಳಿದವು. ಇಷ್ಟು ದಿನ ಅವಳ ಬದಲಿಗೆ ಕೂಗುತ್ತಿದ್ದ ಯಜಮಾನರ ಅಳಿಯ, ಪಾಪ ಅಂತ ಮುಂದೆ ಬಂದ.

ಅವಳು ಅಂಗೈ ಅಡ್ಡ ಹಿಡಿದು ಅವನನ್ನು ತಡೆದಳು. ಆಮೇಲೆ ಕಾಲನ್ನು ನೆಲಕ್ಕೆ ಅಪ್ಪಳಿಸಿದಳು. ಧಪ್. ಧಪ್. ಮೂರನೆಯದಕ್ಕೆ "ನಾನೂರು!" ಎಂದು ಹತ್ತಿಕೊಂಡವಳು, ರಾಶಿ ಮುಗಿಯುವವರೆಗೂ ಇಳಿಯಲಿಲ್ಲ. ನಡುವೆ ಇನ್ನೆರಡು ಸಲ ನಾಲಿಗೆ ಕೈಕೊಟ್ಟಿತು, ಕಾಲು ಕೈಕೊಡಲಿಲ್ಲ.

ಯಜಮಾನರು ಚೀಟಿಯ ಕಟ್ಟನ್ನು ಅಳಿಯನ ಕೈಗಿತ್ತರು. "ಇದನ್ನ ನೀನೇ ಇಟ್ಕೊಳ್ಳಪ್ಪ."

ಅವಳು ಸೀದಾ ನನ್ನ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಿಮಗೆ ತಾಳ ಅನ್ನೋದೇ ಇಲ್ಲ ಕಣ್ರೀ. ಮದುವೆ ಆದಾಗಿಂದ ನೋಡ್ತಿದೀನಿ, ಎಲ್ಲದಕ್ಕೂ ಆತುರ!"

ಅವಳ ಕಾಲು ಸುಮ್ಮನಿತ್ತು. ಕ್ರೇಟನ್ನೂ ಯಾರೂ ಬಡಿಯುತ್ತಿರಲಿಲ್ಲ. ನಾನು ಮಂಡಿ ಜನರೆದುರೇ ಗೊಳೋ ಎಂದು ಅತ್ತೆ.

"ಇನ್ನೊಂದ್ಸಲ ಬೈಯೇ," ಎಂದೆ.