ಗಂಟೆ ಮಾಮನ ಹತ್ತು ಸೆಕೆಂಡು

ಕ್ಷೌರದಂಗಡಿಯವನು ಗಾರೆ ಮೇಸ್ತ್ರಿಯ ಕಾಲರಿಗೇ ಕೈ ಹಾಕಿಬಿಟ್ಟಿದ್ದ. ಸತ್ತವರ ಮಗಳು ಬಾಗಿಲಿನಿಂದ ಓಡಿಬಂದು ಇಬ್ಬರ ನಡುವೆ ನುಗ್ಗಿ ಆ ಕೈಯನ್ನು ಬಿಡಿಸಿದಳು.

"ಅಪ್ಪ ಇನ್ನೂ ಒಳಗೆ ಮಲಗಿದಾರೆ. ಜಗಳಕ್ಕೆ ನಿಮಗೆ ಇದೇ ಹೊತ್ತು ಬೇಕಾಗಿತ್ತಾ?"

"ನೀನೇ ಹೇಳಮ್ಮ. ನಲವತ್ತೆಂಟು ಪಂದ್ಯ, ಒಂದೇ ಸೋಲು. ಮೂವತ್ತೊಂದು ಜನರನ್ನ ನೆಲಕ್ಕೆ ಮಲಗಿಸಿದ ಕೈ ಅದು. ಎಡಚನ ಮುಂದೆ ಇನ್ನೊಬ್ಬನ ಹೆಸರು ಎತ್ತಬಹುದಾ?" ಎಂದ ಕ್ಷೌರದವನು.

"ಆ ಒಂದು ಸೋಲು ಯಾರ ಕೈಯಲ್ಲಿ ಅಂತ ಕೇಳಮ್ಮ." ಮೇಸ್ತ್ರಿ ಕಾಲರ್ ಸರಿಮಾಡಿಕೊಂಡ. "ಗೋಡೆ ಆಡಿದ್ದು ಅರವತ್ತೊಂದು. ಐದು ಸೋತ, ಅದೂ ಬರೀ ಅಂಕದ ಮೇಲೆ. ಹತ್ತು ಎಣಿಸೋ ತನಕ ನೆಲದ ಮೇಲಿದ್ದದ್ದು ಅವನ ಜನ್ಮದಲ್ಲೇ ಇಲ್ಲ."

ಮೂವತ್ತು ವರ್ಷದಿಂದ ಇವರದು ಇದೇ ಪಾಡು. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಬಾಕ್ಸಿಂಗ್ ನೋಡುವವರೆಲ್ಲ ಹೀಗೇ ಎಡಚ, ಗೋಡೆ ಎಂಬ ಅಡ್ಡಹೆಸರಿನ ಇಬ್ಬರು ಬಾಕ್ಸರುಗಳ ಹಿಂದೆ ಎರಡು ಪಂಗಡವಾಗಿದ್ದರು. ಎರಡೂ ಪಂಗಡದವರು ಒಪ್ಪುತ್ತಿದ್ದದ್ದು ಈಗ ಪೆಟ್ಟಿಗೆಯಲ್ಲಿ ಮಲಗಿರುವ ಮನುಷ್ಯನನ್ನು ಮಾತ್ರ. ಹಗಲು ಕೈಗಡಿಯಾರ ರಿಪೇರಿ, ಸಂಜೆ ಬಾಕ್ಸಿಂಗ್ ಹಾಲಿನಲ್ಲಿ ಸುತ್ತು ಮುಗಿದಾಗ ಗಂಟೆ ಹೊಡೆಯುವ ಕೆಲಸ. ಸೂರ್ಯ ತಡವಾಗಿ ಹುಟ್ಟಿದರೂ ಗಂಟೆ ಮಾಮನ ಗಂಟೆ ತಪ್ಪುವುದಿಲ್ಲ ಎಂದು ಜನ ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವರು ಕನ್ನಡಕ ತೆಗೆದು ಒರೆಸಲು ಶುರುಮಾಡುತ್ತಿದ್ದರು. ಮಗಳು ಅದನ್ನು ವಿನಯ ಎಂದುಕೊಂಡಿದ್ದಳು, ಪಾಪ.

ಈಗ ಹತ್ತೂವರೆ. ಶವದ ಗಾಡಿ ಹನ್ನೊಂದಕ್ಕೆ ಬರುತ್ತದೆ. ಅಷ್ಟರೊಳಗೆ ಅವಳು ಒಂದು ಮಾತು ಹೇಳಬೇಕು, ಇಲ್ಲವೇ ಜೀವಮಾನವಿಡೀ ನುಂಗಿಕೊಂಡಿರಬೇಕು.

*

ಹೋದ ವಾರ ಮಧ್ಯಾಹ್ನ ಔಷಧಿ ಕುಡಿಸುವಾಗ ಅಪ್ಪ ಅವಳ ಕೈ ಹಿಡಿದುಕೊಂಡಿದ್ದರು.

"ಎಡಚಂಗೂ ಗೋಡೆಗೂ ಪಂದ್ಯ ಆಯ್ತಲ್ಲ, ಅವತ್ತು ಹನ್ನೊಂದನೇ ಸುತ್ತಲ್ಲಿ ಗೋಡೆ ಬಿದ್ದ. ಗೊತ್ತಲ್ಲ?"

"ಎಲ್ಲರಿಗೂ ಗೊತ್ತು. ರೆಫರಿ ಏಳರ ತನಕ ಎಣಿಸಿದ್ರು, ಅಷ್ಟರಲ್ಲಿ ಸುತ್ತು ಮುಗೀತು, ಎಣಿಕೆ ನಿಂತೋಯ್ತು. ಗೋಡೆ ಸುಧಾರಿಸಿಕೊಂಡು ಬಂದು ಕೊನೇ ಸುತ್ತಲ್ಲಿ ಗೆದ್ದ."

"ಸುತ್ತು ಮುಗಿಯೋಕೆ ಹತ್ತು ಸೆಕೆಂಡ್ ಇದೆ ಅನ್ನೋವಾಗ ಮರದ ತುಂಡಿಂದ ಮೇಜು ತಟ್ಟಬೇಕು. ಎಚ್ಚರಿಕೆಗೆ. ಎಡಗೈಲಿ ಮರ, ಬಲಗೈಲಿ ಗಂಟೆಯ ಸುತ್ತಿಗೆ. ಅಷ್ಟು ವರ್ಷ ಒಂದ್ಸಲಾನೂ ತಪ್ಪಿರಲಿಲ್ಲ." ಅವರು ಉಸಿರು ಎಳೆದುಕೊಂಡರು. "ಅವತ್ತು ಎಡಗೈ ಎತ್ತಬೇಕಾದಾಗ ಬಲಗೈ ಎತ್ತಿಬಿಟ್ಟೆ ಕಣಮ್ಮ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗಂಟೆ ಹತ್ತು ಸೆಕೆಂಡ್ ಮೊದಲೇ ಬಿದ್ದಿತ್ತು. ಎಡಚ ಗೆಲ್ಲಲು ಇನ್ನು ಮೂರು ಎಣಿಕೆ ಸಾಕಿತ್ತು.

"ಆಗಲೇ ಯಾಕೆ ಹೇಳಲಿಲ್ಲ?"

"ಹೇಳೋಣ ಅಂತ ಎದ್ದೆ. ಅಷ್ಟರಲ್ಲಿ ಮುಂದಿನ ಸುತ್ತು ಶುರುವಾಯ್ತು. ಆಮೇಲೆ ನೋಡಿದ್ರೆ ಜನ ಗೋಡೆಯನ್ನ ಹೆಗಲ ಮೇಲೆ ಎತ್ಕೊಂಡಿದ್ರು. ನಾಳೆ ಹೇಳ್ತೀನಿ ಅಂದ್ಕೊಂಡೆ."

ಆ ನಾಳೆಗೆ ಮೂವತ್ತು ವರ್ಷ ತುಂಬಿತ್ತು.

"ನನ್ನನ್ನ ಎತ್ತೋಕೆ ಮುಂಚೆ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಹೇಳಿಬಿಡು. ನನ್ನ ಕೈಲಿ ಆಗ್ಲಿಲ್ಲ."

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ತಾನು ಮಾಡಿದ್ದನ್ನು ತಾನು ಹೇಳದೆ ಮಗಳ ತಲೆಗೆ ಕಟ್ಟುವುದು ಯಾವ ಊರಿನ ನ್ಯಾಯ? ಆ ಸಿಟ್ಟಿನಲ್ಲೇ "ಆಯ್ತು" ಎಂದುಬಿಟ್ಟಳು.

*

ಒಳಗೆ ಎಡಚ ಪೆಟ್ಟಿಗೆಯ ತಲೆಯ ಕಡೆ ನಿಂತಿದ್ದ. ಗೋಡೆ ಊರುಗೋಲು ಹಿಡಿದು ಕಾಲಿನ ಕಡೆ ನಿಂತಿದ್ದ. ಆ ಪಂದ್ಯದ ಮೇಲೆ ಇಬ್ಬರೂ ಒಬ್ಬರಿಗೊಬ್ಬರು ಮಾತಾಡಿದವರಲ್ಲ. ಕೋಣೆಯಲ್ಲಿ ಇಪ್ಪತ್ತು ಜನರಿದ್ದರೂ ಯಾರೊಬ್ಬರೂ ಗಟ್ಟಿಯಾಗಿ ಕೆಮ್ಮುತ್ತಿರಲಿಲ್ಲ.

ಚಿಕ್ಕಪ್ಪ ಅವಳನ್ನು ಮೂಲೆಗೆ ಎಳೆದ. ಬೆಳಿಗ್ಗೆ ತಡೆಯಲಾರದೆ ಅವನೊಬ್ಬನಿಗೆ ಹೇಳಿ ತಪ್ಪು ಮಾಡಿದ್ದಳು.

"ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋಕೆ ಹೋಗಬೇಡ. ಅಣ್ಣಂಗೆ ಇದ್ದದ್ದು ಹೆಸರೊಂದೇ. ಇವತ್ತಾದ್ರೂ ಅದನ್ನ ಉಳಿಸು."

"ಮಾತು ಕೊಟ್ಟಿದೀನಿ ಚಿಕ್ಕಪ್ಪ."

"ಸತ್ತವರಿಗೆ ಕೊಟ್ಟ ಮಾತು ಯಾರು ಕೇಳ್ತಾರೆ?"

ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಬಿಸಿತುಪ್ಪ ಗಂಟಲಲ್ಲಿತ್ತು, ಉಗುಳಲೂ ಆಗದು, ನುಂಗಲೂ ಆಗದು. ಬೀದಿಯ ತುದಿಯಲ್ಲಿ ಗಾಡಿಯ ಸದ್ದು ಕೇಳಿತು. ಪೆಟ್ಟಿಗೆಯ ಬಳಿಗೆ ಹೋಗಿ, ಅಪ್ಪನ ಮುಖ ನೋಡದೆ, ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಮರದ ತುಂಡು, ಸುತ್ತಿಗೆ, ಹತ್ತು ಸೆಕೆಂಡು, ಏಳಕ್ಕೇ ನಿಂತ ಎಣಿಕೆ.

"ಸುಳ್ಳು!" ಬಾಗಿಲಿನಿಂದ ಮೇಸ್ತ್ರಿ ಕೂಗಿದ. ಯಾರೂ ಅವನತ್ತ ತಿರುಗಲಿಲ್ಲ.

ಎಡಚನ ಎಡಗೈ ತಾನಾಗಿ ಮುಷ್ಟಿ ಕಟ್ಟಿತು. ಪೆಟ್ಟಿಗೆಯನ್ನೇ ಗುದ್ದಿಬಿಡುತ್ತಾನೆ ಎಂದು ಅವಳು ಅಡ್ಡ ನಿಂತಳು. ಅವನು ನೋಡುತ್ತಿದ್ದದ್ದು ಗೋಡೆಯನ್ನು.

"ಮೂವತ್ತು ವರ್ಷ," ಎಂದ. "ಸಂತೆಗೆ ಹೋದ್ರೂ, ಆಸ್ಪತ್ರೆಗೆ ಹೋದ್ರೂ, ಗೋಡೆ ಕೈಲಿ ಸೋತವನು ನೀನೇ ಅಲ್ವಾ ಅಂತ ಕೇಳೋರು."

"ಇನ್ನು ಮೂರು ಎಣಿಸೋದ್ರೊಳಗೆ ನಾನು ಎದ್ದೇ ಏಳ್ತಿದ್ದೆ," ಎಂದ ಗೋಡೆ.

"ಏಳ್ತಿರಲಿಲ್ಲ. ನಿನ್ನ ಕಣ್ಣು ನಾನು ನೋಡಿದ್ದೆ."

ಗೋಡೆ ಊರುಗೋಲನ್ನು ಅವಳ ಕೈಗೆ ಕೊಟ್ಟ. ಪೆಟ್ಟಿಗೆಯ ಅಂಚು ಹಿಡಿದು ಒಂದೊಂದೇ ಮಂಡಿಯನ್ನು ನೆಲಕ್ಕೆ ಇಳಿಸಿದ. ಎರಡೂ ಅಂಗೈ ನೆಲಕ್ಕೆ ಊರಿದ.

"ಎಂಟರಿಂದ ಎಣಿಸು."

"ಏನಿದು ಹುಚ್ಚಾಟ? ಗಾಡಿ ಬಂತು," ಎಂದ ಚಿಕ್ಕಪ್ಪ. ಹೆಗಲು ಕೊಡಬೇಕಾದವರು ಒಳಗೆ ಬಂದು ಹಾಗೇ ನಿಂತರು.

"ಎಂಟು," ಎಂದ ಎಡಚ.

ಗೋಡೆ ಅಂಗೈ ಒತ್ತಿದ. ಮೊಣಕೈಗಳು ನಡುಗಿದವು. ಬಲ ಮಂಡಿ ಒಂದು ಬೆರಳಿನಷ್ಟು ಮೇಲೆದ್ದು ಮತ್ತೆ ಕುಸಿಯಿತು.

"ಒಂಬತ್ತು."

ಕುತ್ತಿಗೆಯ ನರಗಳು ಉಬ್ಬಿದವು. ಅವಳು ಎತ್ತಲು ಬಗ್ಗಿದಳು. ಅವನು ತಲೆಯಾಡಿಸಿ ಬೇಡವೆಂದ. ಎಡಚ ಬಾಯಿ ತೆರೆದವನು ಹಾಗೇ ನಿಂತುಬಿಟ್ಟ. ಅವನ ಕಣ್ಣಲ್ಲಿ ನೀರಿತ್ತು.

"ಹೇಳೋ," ಎಂದ ಗೋಡೆ ನೆಲದಿಂದ. "ಅದೊಂದು ಹೇಳಿಬಿಡು."

"ಹತ್ತು." ಪಕ್ಕದಲ್ಲಿದ್ದ ಅವಳಿಗೇ ಅದು ಸರಿಯಾಗಿ ಕೇಳಿಸಲಿಲ್ಲ.

ಗೋಡೆ ಉಸಿರು ಬಿಟ್ಟ. ಮಂಡಿಯೂರಿದಲ್ಲಿಂದಲೇ ತಡಕಾಡಿ ಎಡಚನ ಎಡಗೈಯ ಮಣಿಕಟ್ಟು ಹಿಡಿದ. ಜನರೆಲ್ಲ ನೋಡುತ್ತಿದ್ದಂತೆ, ನೆಲದಲ್ಲಿದ್ದವನ ತೋಳಿಗೆ ಎಟುಕುವಷ್ಟು ಎತ್ತರಕ್ಕೆ, ಆ ಕೈಯನ್ನು ಎತ್ತಿ ಹಿಡಿದ.