ಮಖಮಲ್ಲಿನ ಕೋಟು

ಅತ್ತೆಯ ಹೊಲಿಗೆ ಅಂಗಡಿಯಲ್ಲಿ ಅಕ್ಕನ ಕೈಗೆ ಸಾಟಿ ಇರಲಿಲ್ಲ. ಅಳತೆಯನ್ನು ಒಮ್ಮೆ ಕೇಳಿಸಿಕೊಂಡು, ಗೀಟು ಕೂಡ ಹಾಕದೆ ಕತ್ತರಿ ಆಡಿಸಿಬಿಡುವಳು. ತಂಗಿ ಹಾಗಲ್ಲ. ದಿಂಬಿನ ಚೀಲಕ್ಕೂ ಅಳೆದು, ಗೀಟೆಳೆದು, ಪ್ರತಿ ತುಂಡಿನ ಹಿಂದೆ ಮೇಲುಭಾಗ ಯಾವುದೆಂದು ಸೀಮೆಸುಣ್ಣದಲ್ಲಿ ಬಾಣ ಬರೆದ ಮೇಲೆಯೇ ಕತ್ತರಿ ಮುಟ್ಟುವಳು.

“ದಿಂಬಿಗೆ ತಲೆ ಯಾವುದು, ಕಾಲು ಯಾವುದೇ, ಆಮೆ?” ಎಂದು ಅಕ್ಕ ಕಿಚಾಯಿಸುವಳು.

“ನಿನ್ನ ಕಣ್ಣಳತೆ ನನಗೆಲ್ಲಿ ಬರಬೇಕು, ಬಿಡಕ್ಕಾ.”

ಅತ್ತೆಗೆ ಸೊಂಟ ಹಿಡಿದುಕೊಂಡಿತ್ತು. ಇನ್ನು ಕಟಿಂಗ್ ಮೇಜನ್ನು ಸೋದರ ಸೊಸೆಯರಲ್ಲಿ ಒಬ್ಬಳಿಗೆ ಒಪ್ಪಿಸಬೇಕು. ಅದಕ್ಕಾಗಿ ಅಕ್ಕ ವರ್ಷಗಳಿಂದ ಕಾದಿದ್ದಳು. ಹಾಡುಗಾರ್ತಿಯೊಬ್ಬಳು ನೀಲಿ ಮಖಮಲ್ಲು ತಂದು, ವೇದಿಕೆಗೆಂದು ಉದ್ದನೆಯ ಕೋಟು ಕೇಳಿದಾಗ ಅತ್ತೆ ಅಕ್ಕನಿಗೆ, “ಇದೊಂದನ್ನ ಮುಗಿಸಿಕೊಡು, ಮೇಜು ನಿಂದೇ” ಅಂದಳು.

ತಂಗಿ ಗುಂಡಿ ತರಲು ಹೋಗಿ ಬರುವುದರೊಳಗೆ ಅಕ್ಕ ಕತ್ತರಿಸಿ ಮುಗಿಸಿದ್ದಳು. ಒಂದು ತುಂಡಿನ ತಲೆಗೆ ಇನ್ನೊಂದರ ಕಾಲು ಬರುವಂತೆ ಜೋಡಿಸಿ ಬಟ್ಟೆ ಉಳಿಸಿದ್ದಳು. “ನೋಡು, ಇದರಲ್ಲಿ ಒಂದು ಟೋಪಿನೂ ಆಗುತ್ತೆ!”

ಒಳಮೈ ಹೊರಗೆ ಮಾಡಿ ಹೊಲಿಯುವಾಗ ಯಾರಿಗೂ ಏನೂ ಕಾಣಲಿಲ್ಲ. ಹಾಡುಗಾರ್ತಿ ತೊಟ್ಟು ಕನ್ನಡಿಯ ಮುಂದೆ ನಿಂತಳು. ಕೋಟು ಮೈಗೆ ಎರಕ ಹೊಯ್ದಂತೆ ಕೂತಿತ್ತು. ಅತ್ತೆ ದೀಪ ಹಾಕಿದಳು. ಎಡಗಡೆ ಗಾಢ ನೀಲಿ, ಬಲಗಡೆ ಬೂದಿ ಬಳಿದಂಥ ನೀಲಿ. ಮಖಮಲ್ಲಿನ ನವಿರಾದ ರೋಮ ಒಂದೇ ಕಡೆಗೆ ಮಲಗಿರುತ್ತದೆ. ತಲೆಕೆಳಗಾದ ತುಂಡು ಬೇರೆ ಬಣ್ಣವನ್ನೇ ತೋರಿಸುತ್ತದೆ.

“ಎರಡು ಕೋಟು ಸೇರಿಸಿ ಒಂದು ಮಾಡಿದ್ರಾ?” ಎಂದಳು ಹಾಡುಗಾರ್ತಿ. ಕೂಗಾಡಲಿಲ್ಲ. ಕೋಟು ಬಿಚ್ಚಿಟ್ಟು ಹೊರಟುಹೋದಳು.

“ನೀವು ಇದನ್ನ ನನಗೆ ಹೇಳೇ ಇರಲಿಲ್ಲ, ಅತ್ತೆ” ಎಂದಳು ಅಕ್ಕ.

“ಹೇಳಿದ್ದೆ ಕಣೇ, ಬಾಣ ಹಾಕು ಅಂತ. ನೀನು ನಕ್ಕೆ, ನಾನೂ ನಕ್ಕೆ. ನಿನ್ನ ತಂಗಿ ತಪ್ಪಿದಾಗೆಲ್ಲ ಕೂರಿಸಿ ಬಿಚ್ಚಿಸ್ದೆ. ನಿನ್ನ ಕೈ ಓಡೋದನ್ನ ನೋಡ್ತಾ ಮೈಮರೆತುಬಿಟ್ಟೆ.”

ಮೇಜು ತಂಗಿಯದಾಯಿತು. ಅಕ್ಕ ಕಿಟಕಿಯ ಪಕ್ಕದ ಮಷೀನಿಗೆ ಹೋಗಿ ಕೂತಳು. ಆಮೆ ಎಂದು ಕರೆಯುವುದನ್ನು ಬಿಟ್ಟಳು. ತಂಗಿಗೆ ಅದೇ ಹೆಚ್ಚು ನೋವು.

ಒಂದು ಮಧ್ಯಾಹ್ನ ತಂಗಿ ಕೂಗಿದಳು: “ಅಕ್ಕಾ, ಈ ಕಾಲರಿನ ತಿರುವು ಎಷ್ಟು ಅಳಿಸಿ ಬರೆದರೂ ಸೊಟ್ಟ ಬರ್ತಿದೆ. ಸ್ವಲ್ಪ ಬಾರೇ.”

ಅಕ್ಕ ಎದ್ದು ಬಂದಳು. ಸೀಮೆಸುಣ್ಣ ತೆಗೆದುಕೊಂಡು, ಉಸಿರು ಬಿಡುವಷ್ಟರಲ್ಲಿ ಗೆರೆ ಎಳೆದಳು. ಅಂಥ ಗೆರೆ ತಂಗಿಗೆ ಜೀವಮಾನದಲ್ಲಿ ಬರುವುದಿಲ್ಲವೆಂದು ಅತ್ತೆಗೆ ಗೊತ್ತಿತ್ತು. ಅಕ್ಕನ ಕೈ ಅಭ್ಯಾಸಬಲದಿಂದ ಕತ್ತರಿಯ ಕಡೆ ಹೋಗಿ, ಅರ್ಧದಲ್ಲೇ ನಿಂತಿತು.

“ನೀನೇ ಕತ್ತರಿಸಕ್ಕಾ” ಎಂದಳು ತಂಗಿ.

“ಬೇಡ, ನೀನೇ ಮಾಡು” ಎಂದು ಅಕ್ಕ ಮಷೀನಿಗೆ ಮರಳಿದಳು.